ಮೂರು ಸ್ಪೇಡ್ ಅಂದಾಗ

ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: “ಅಷ್ಟು ದೊಡ್ಡ ಮುಂಬಯಿಯಲ್ಲಿ ಹೊತ್ತು ಹೆಂಗೆ ಕಳೀತೀರಿ ಮಾರಾಯ್ರೇ?” ಬ್ರಿಜ್ ಆಡುತ್ತೇನೆ ಅಂದರೆ ಅರ್ಥವಾಗುವುದಿಲ್ಲ. ಇಸ್ಪೀಟಿನಲ್ಲೇ ಒಂದು ಬಗೆ ಅಂದರೆ ಕೇಳಿದವರ ಮುಖ ಸಣ್ಣಗಾಗುತ್ತದೆ. ಎಂ.ಕಾಂ. ಓದಿ, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಮನುಷ್ಯ ಇಸ್ಪೀಟು ಆಡ್ತಾನಂತೆ! ನಮ್ಮ ಸಾಗರದ ಕಡೆ ಇಸ್ಪೀಟು ಅಂದರೆ ದೀಪಾವಳಿಯ ರಾತ್ರಿ ಹಿತ್ತಲ ಕೊಟ್ಟಿಗೆಯಲ್ಲಿ ಕದ್ದು ಆಡುವುದು, ಅಪ್ಪಯ್ಯನ ಕೆಮ್ಮು ಕೇಳಿಸಿದ ಕೂಡಲೇ ದೀಪ ಆರಿಸುವುದು, ಅಷ್ಟೇ.

ಅಂಥವರಿಗೆ ನಾನು ಎರಡು ಸಂಗತಿ ಹೇಳುತ್ತೇನೆ. ಒಂದು, 1967ರಲ್ಲಿ ಆಂಧ್ರದ ರಮ್ಮಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಕೌಶಲದ ಆಟವೆಂದು ತೀರ್ಮಾನಿಸಿತು. ಆಗ ಹೋಲಿಕೆಗೆ ಎತ್ತಿಕೊಂಡದ್ದು ಬ್ರಿಜ್ ಆಟವನ್ನೇ. ಎರಡು, 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಎಂಬ ಇಬ್ಬರು ಬಂಗಾಳಿಗಳು ಬ್ರಿಜ್‌ನಲ್ಲಿ ಭಾರತಕ್ಕೆ ಚಿನ್ನದ ಪದಕ ತಂದರು. ಬರ್ಧನ್ ಅವರಿಗೆ ಆಗ ಅರವತ್ತು ವರ್ಷ. ಇಷ್ಟು ಹೇಳಿದ ಮೇಲೆ ಕೇಳಿದವರು “ಹಂಗಾ!” ಅಂದು ಕಾಫಿ ತರಲು ಒಳಗೆ ಹೋಗುತ್ತಾರೆ. ನಾನು ಹೇಳಬೇಕಾದ ಮಾತು ಮಾತ್ರ ಉಳಿದೇಹೋಗುತ್ತದೆ. ಅದನ್ನು ಇಲ್ಲಿ ಬರೆಯುತ್ತೇನೆ.

1991ರಲ್ಲಿ ನನಗೆ ಮುಂಬಯಿಗೆ ವರ್ಗವಾಯಿತು. ಮನೆ ಸಿಕ್ಕಿದ್ದು ಡೊಂಬಿವಿಲಿಯಲ್ಲಿ, ಆಫೀಸು ಫೋರ್ಟಿನಲ್ಲಿ. ದಿನಕ್ಕೆ ಎರಡೂವರೆ ಮೂರು ಗಂಟೆ ಲೋಕಲ್ ಟ್ರೇನಿನಲ್ಲಿ ಕಳೆಯಬೇಕು. ಆ ಗಾಡಿಗಳಲ್ಲಿ ಒಂದೊಂದು ಡಬ್ಬಿಗೆ ಒಂದೊಂದು ಮೇಳ. ಒಂದರಲ್ಲಿ ತಾಳ ಹಿಡಿದ ಭಜನೆಯವರು, ಇನ್ನೊಂದರಲ್ಲಿ ಮೊಣಕಾಲ ಮೇಲೆ ಬ್ರೀಫ್‌ಕೇಸು ಇಟ್ಟು ಎಲೆ ಹಾಕುವವರು. ಕನ್ನಡ ಮಾತಾಡುವವರು ಸಿಗುತ್ತಾರೇನೋ ಎಂದು ನಾನು ಮೊದಲ ಆರು ತಿಂಗಳು ಕಿವಿ ನಿಮಿರಿಸಿ ಕೂತೆ. ಸಿಕ್ಕಿದ್ದು ಇಸ್ಪೀಟಿನ ಮೇಳ. ಅವರ ನಾಲ್ಕನೆಯವನು ಪುಣೆಗೆ ವರ್ಗವಾಗಿ ಹೋಗಿದ್ದ. “ಅಣ್ಣಾ, ಬಸಾ” ಅಂದು ಜಾಗ ಕೊಟ್ಟವರು ನಮ್ಮದೇ ಬ್ಯಾಂಕಿನ ಹಿರಿಯ ಅಧಿಕಾರಿ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಮುಂದೆ ಹದಿನೆಂಟು ವರ್ಷ ಅವರೇ ನನ್ನ ಪಾರ್ಟ್ನರ್.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ, ಐವತ್ತೆರಡು ಎಲೆ, ತಲಾ ಹದಿಮೂರು. ಎದುರುಬದುರು ಕೂತವರಿಬ್ಬರು ಒಂದು ಪಕ್ಷ. ಎದುರಿಗೆ ಕೂತವನು ಎದುರಾಳಿಯಲ್ಲ, ಜೊತೆಗಾರ; ಎದುರಾಳಿಗಳು ಎಡಕ್ಕೊಬ್ಬ, ಬಲಕ್ಕೊಬ್ಬ ಕೂತಿರುತ್ತಾರೆ. ಮೊದಲು ಹರಾಜು, ಆಮೇಲೆ ಆಟ. ಹರಾಜಿನಲ್ಲಿ ನಾವು ಇಷ್ಟು ಟ್ರಿಕ್ ಗೆಲ್ಲುತ್ತೇವೆ, ಇಂಥದು ತುರುಫು ಎಂದು ಕೂಗಬೇಕು. ಕೂಗಿಗೂ ಮೆಟ್ಟಿಲುಗಳಿವೆ. ಕೆಳಗಿನಿಂದ ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್ – ನಮ್ಮೂರಿನ ಕಳಾವರು, ಡೈಮನ್ನು, ಆಟೀನು, ಇಸ್ಪೇಟು – ಎಲ್ಲಕ್ಕೂ ಮೇಲೆ ತುರುಫೇ ಇಲ್ಲದ ನೋ ಟ್ರಂಪ್. ಒಂದರಿಂದ ಏಳರವರೆಗೆ ಹೀಗೆ ಒಟ್ಟು ಮೂವತ್ತೈದು ಕೂಗುಗಳು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಲೆಕ್ಕ ಹಿಡಿದರೆ ಇಡೀ ಕಟ್ಟಿನಲ್ಲಿ 40 ಪಾಯಿಂಟು.

ಜೊತೆಗಾರನ ಎಲೆ ನಮಗೆ ಕಾಣುವುದಿಲ್ಲ. ಕಣ್ಣು ಮಿಟುಕಿಸುವಂತಿಲ್ಲ, ಕೆಮ್ಮುವಂತಿಲ್ಲ. ನನ್ನ ಹತ್ತಿರ ಇಂತಿಂಥದು ಇದೆ ಎಂದು ಹೇಳಲು ಆ ಮೂವತ್ತೈದು ಕೂಗುಗಳು ಬಿಟ್ಟರೆ ಬೇರೆ ಭಾಷೆಯೇ ಇಲ್ಲ. ಅದಕ್ಕೇ ಹರಾಜು ಮೆಲ್ಲಗೆ ಏರುತ್ತದೆ. ಒಂದು ಡೈಮಂಡ್ ಅಂತ ನೀವು, ಒಂದು ಹಾರ್ಟ್ ಅಂತ ನಾನು, ಒಂದು ನೋ ಟ್ರಂಪ್ ಅಂತ ಮತ್ತೆ ನೀವು. ಜಗಲಿಯಲ್ಲಿ ಕವಳ ಹಾಕುತ್ತ ಮದುವೆ ಮಾತುಕತೆ ನಡೆಸಿದ ಹಾಗೆ.

ಎದುರಾಳಿಗಳಿಗೆ ಈ ಮಾತುಕತೆ ಕೆಡಿಸುವುದರಲ್ಲಿ ಲಾಭವಿದೆ. ಅದಕ್ಕೊಂದು ಉಪಾಯ ಪ್ರಿಎಂಪ್ಟ್. ಒಬ್ಬನ ಕೈಯಲ್ಲಿ ಒಂದೇ ರಂಗಿನ ಏಳು ಎಲೆ ಇದೆ, ಉಳಿದದ್ದೆಲ್ಲ ಬರಿದು ಅಂತಿಟ್ಟುಕೊಳ್ಳಿ. ಅವನು ಮೆಟ್ಟಿಲು ಹತ್ತುವುದಿಲ್ಲ, ಹಾರುತ್ತಾನೆ. ನನ್ನ ಜೊತೆಗಾರ “ಒಂದು ಡೈಮಂಡ್” ಅಂದ ಕೂಡಲೇ ಅವನು “ಮೂರು ಸ್ಪೇಡ್” ಅಂದುಬಿಡುತ್ತಾನೆ. ನಡುವಿನ ಹನ್ನೊಂದು ಕೂಗುಗಳು ಒಂದೇ ಏಟಿಗೆ ಮಾಯ. ಅವನೇನೂ ಒಂಬತ್ತು ಟ್ರಿಕ್ ಗೆಲ್ಲುವ ನಂಬಿಕೆಯಿಂದ ಕೂಗಿದ್ದಲ್ಲ. ಸೋತರೂ ನಷ್ಟ ಸಣ್ಣದು, ನಮ್ಮ ಮಾತು ನಿಂತರೆ ಲಾಭ ದೊಡ್ಡದು ಎಂಬ ಲೆಕ್ಕ. ಬ್ಯಾಂಕಿನವನಾದ್ದರಿಂದ ಅಂಕಿ ಹೇಳುತ್ತೇನೆ: ಅವರ ಪಕ್ಷಕ್ಕೆ ವಲ್ನರಬಲ್ ಇಲ್ಲದಿದ್ದರೆ, ಡಬಲ್ ಹೇಳಿಸಿಕೊಂಡು ಮೂರು ಟ್ರಿಕ್ ಕಡಿಮೆ ಬಿದ್ದರೂ ಕಳೆದುಕೊಳ್ಳುವುದು 500. ವಲ್ನರಬಲ್ ಆಗಿರುವ ನಾವು ಮೂರು ನೋ ಟ್ರಂಪ್ ಆಡಿ ಗೆದ್ದರೆ ನಮಗೆ 600. ಸೋತೂ ನೂರು ಉಳಿಸಿದ ಹಾಗಾಯಿತು.

1999ರಲ್ಲಿ ದಾದರಿನ ಒಂದು ಹಾಲಿನಲ್ಲಿ ಬ್ಯಾಂಕುಗಳ ನಡುವಿನ ಟೂರ್ನಮೆಂಟು ನಡೆದಾಗ ಬಂದ ಒಂದು ಕೈ ಇವತ್ತಿಗೂ ನನಗೆ ಬಾಯಿಪಾಠ. ಕಾಕಾ ಒಂದು ಡೈಮಂಡ್ ಅಂದರು. ನನ್ನ ಬಲಗಡೆಯ ಹುಡುಗ ಮೂರು ಸ್ಪೇಡ್‌ಗೆ ಹಾರಿದ. ನನ್ನ ಕೈಯಲ್ಲಿ ಸ್ಪೇಡ್ 6, 3; ಹಾರ್ಟ್ ಎಕ್ಕ, ರಾಣಿ, 7, 5; ಡೈಮಂಡ್ ರಾಜ, 8; ಕ್ಲಬ್ ರಾಜ, ಗುಲಾಮ, 10, 6, 2. ಹದಿಮೂರು ಪಾಯಿಂಟು. ಜೊತೆಗಾರ ಮೊದಲೇ ಬಾಯಿ ಬಿಟ್ಟಿದ್ದಾರೆ, ಅವರ ಹತ್ತಿರವೂ ಅಷ್ಟು ಇದ್ದೇ ಇರುತ್ತದೆ. ಅಂದರೆ ಗೇಮ್ ನಮ್ಮದು. ಆದರೆ ಯಾವ ಗೇಮ್?

ಪಾಸ್ ಅನ್ನಬಹುದು. ಹದಿಮೂರು ಪಾಯಿಂಟು ಹಿಡಿದುಕೊಂಡು ಪಾಸ್ ಅಂದರೆ ಅವನು ಬಯಸಿದ್ದನ್ನೇ ನಾವು ಮಾಡಿಕೊಟ್ಟ ಹಾಗೆ.

ನಾಲ್ಕು ಕ್ಲಬ್ ಅನ್ನಬಹುದು. ಐದು ಕ್ಲಬ್ ಇರುವುದು ನಿಜ. ಆದರೆ ಮೂರು ಸ್ಪೇಡ್‌ನ ಮೇಲಿನ ಮೊದಲ ಮೆಟ್ಟಿಲೇ ಮೂರು ನೋ ಟ್ರಂಪ್. ನಾಲ್ಕು ಕ್ಲಬ್ ಅಂದರೆ ಅದನ್ನು ದಾಟಿ ಹೋದಂತೆ, ಹಿಂದಕ್ಕೆ ಇಳಿಯುವ ದಾರಿ ಇಲ್ಲ. ನನ್ನ ನಾಲ್ಕು ಹಾರ್ಟ್‌ಗಳ ಸುದ್ದಿಯೂ ಒಳಗೇ ಉಳಿಯುತ್ತದೆ.

ಮೂರು ನೋ ಟ್ರಂಪ್ ಎಂದು ನಾನೇ ಅನ್ನಬಹುದು. ನನ್ನಲ್ಲಿ ಸ್ಪೇಡ್ ತಡೆಯುವ ಎಲೆಯೇ ಇಲ್ಲ. ಕಾಕಾ ಹತ್ತಿರವೂ ಇಲ್ಲದಿದ್ದರೆ ಏಳು ಸ್ಪೇಡ್ ಒಂದಾದ ಮೇಲೊಂದು ಬಂದು ಬೀಳುವುದನ್ನು ಕೈಕಟ್ಟಿ ನೋಡಬೇಕು.

ಉಳಿದದ್ದು ಡಬಲ್. ಹಿಂದಿನ ಕಾಲದಲ್ಲಿ ಡಬಲ್ ಅಂದರೆ ಸವಾಲು: ಆಡು ನೋಡೋಣ, ನಿನ್ನನ್ನು ಬೀಳಿಸುತ್ತೇನೆ. 1957ರ ಹೊತ್ತಿಗೆ ಆಲ್ವಿನ್ ರಾತ್ ಎಂಬ ಅಮೆರಿಕದ ಆಟಗಾರ ಇದರ ಅರ್ಥವನ್ನು ತಿರುಗಿಸಿದ. ಜೊತೆಗಾರ ಶುರು ಮಾಡಿ, ಎದುರಾಳಿ ನಡುವೆ ಬಾಯಿ ಹಾಕಿದಾಗ ಹೇಳುವ ಡಬಲ್ ಸವಾಲಲ್ಲ, ಪ್ರಶ್ನೆ ಅಂದ. ರಷ್ಯಾ ಸ್ಪುಟ್ನಿಕ್ ಹಾರಿಸಿದ ವರ್ಷವೇ ಬಂದದ್ದರಿಂದ ಇದಕ್ಕೆ ಸ್ಪುಟ್ನಿಕ್ ಡಬಲ್ ಎಂಬ ಹೆಸರೂ ಬಿತ್ತು. ಅದರ ಅರ್ಥ ಇಷ್ಟು: “ನನ್ನ ಕೈಯಲ್ಲಿ ಬಲ ಇದೆ, ಯಾರೂ ಹೇಳದ ರಂಗುಗಳೂ ಇವೆ, ಆದರೆ ಎಲ್ಲಿಗೆ ಹೋಗಬೇಕೆಂದು ನಾನೊಬ್ಬನೇ ತೀರ್ಮಾನಿಸಲಾರೆ. ನಿಮ್ಮ ಹತ್ತಿರ ಏನಿದೆ?” ಜೊತೆಗಾರನಿಗೆ ನಾಲ್ಕು ಹಾರ್ಟ್ ಇದ್ದರೆ ಹಾರ್ಟ್ ಹೇಳುತ್ತಾನೆ, ಸ್ಪೇಡ್ ತಡೆ ಇದ್ದರೆ ನೋ ಟ್ರಂಪ್ ಹೇಳುತ್ತಾನೆ. ಸ್ಪೇಡ್‌ಗಳೇ ತುಂಬಿದ್ದರೆ ಸುಮ್ಮನೆ ಪಾಸ್ ಅಂದು ಆ ಹುಡುಗನನ್ನು ಅಲ್ಲೇ ಕೂರಿಸುತ್ತಾನೆ.

ಹೀಗೆ ಯಾರಾದರೂ ಹಾರಿ ಕೂಗಿದಾಗ ಮುಂದಿನವನು ಕೂಡಲೇ ಬಾಯಿ ಬಿಡಬಾರದು, ಸುಮಾರು ಹತ್ತು ಸೆಕೆಂಡು ತಡೆಯಬೇಕೆಂಬ ರೂಢಿ ಟೂರ್ನಮೆಂಟುಗಳಲ್ಲಿ ಇದೆ. ಯೋಚನೆ ಇರಲಿ, ಇಲ್ಲದಿರಲಿ, ತಡೆಯಬೇಕು. ತಡೆದೆ. ಡಬಲ್ ಅಂದೆ. ಕಾಕಾ ಮೂರು ನೋ ಟ್ರಂಪ್ ಅಂದರು.

ಹುಡುಗ ಸ್ಪೇಡ್ ರಾಣಿ ಇಳಿಸಿದ. ನನ್ನ ಎಲೆಗಳನ್ನು ಮೇಜಿನ ಮೇಲೆ ಹರಡಿದೆ. ಕಾಕಾ ಕೈಯಲ್ಲಿ ಇದ್ದದ್ದು ಸ್ಪೇಡ್ ರಾಜ, 8, 5. ಹಾರ್ಟ್ ರಾಜ, 6. ಡೈಮಂಡ್ ಎಕ್ಕ, ರಾಣಿ, 10, 7, 4. ಕ್ಲಬ್ ರಾಣಿ, 9, 3. ರಾಜನಿಂದ ಮೊದಲ ಟ್ರಿಕ್ ಹೊಡೆದರು. ಆಮೇಲೆ ಡೈಮಂಡ್ ಮುಟ್ಟಲೇ ಇಲ್ಲ, ನೇರ ಕ್ಲಬ್‌ಗೆ ಕೈ ಹಾಕಿದರು. ಎಡಗಡೆಯ ಹುಡುಗನ ಕೈಗೆ ಮತ್ತೆ ಆಟ ಹೋದರೆ ಉಳಿದ ಸ್ಪೇಡ್‌ಗಳಿಂದ ನಮ್ಮನ್ನು ಮುಗಿಸುತ್ತಾನೆ. ಕ್ಲಬ್ ಎಕ್ಕವೋ ಹೊರಗಿದೆ. ಕಾಕಾಗೆ ಅಂಜಿಕೆ ಇರಲಿಲ್ಲ. ಎಕ್ಕ ಇನ್ನೊಬ್ಬನ ಹತ್ತಿರ ಇತ್ತು. ಅವನ ಹತ್ತಿರ ಇದ್ದ ಒಂದೇ ಸ್ಪೇಡ್ ಮೊದಲ ಸುತ್ತಿನಲ್ಲೇ ಖರ್ಚಾಗಿತ್ತು. ಹನ್ನೊಂದು ಟ್ರಿಕ್ ಬಂತು, 660. ಇವೇ ಎಲೆಗಳನ್ನು ಇನ್ನೊಂದು ಮೇಜಿನಲ್ಲಿ ಆಡಿದವರು ನಾಲ್ಕು ಕ್ಲಬ್ ದಾರಿ ಹಿಡಿದು ಐದು ಕ್ಲಬ್‌ಗೆ ಹೋಗಿದ್ದರು. ಎರಡು ಸ್ಪೇಡ್, ಒಂದು ಕ್ಲಬ್ ಎಕ್ಕ ಕಳೆದುಕೊಂಡು ಒಂದು ಟ್ರಿಕ್ ಕಡಿಮೆ ಬಿದ್ದರು.

ವಾಪಸು ಬರುವಾಗ ಗಾಡಿಯಲ್ಲಿ, ಕ್ಲಬ್ ಎಕ್ಕ ಹುಡುಗನ ಹತ್ತಿರ ಇಲ್ಲ ಅಂತ ಹೇಗೆ ತಿಳಿಯಿತು ಎಂದು ಕೇಳಿದೆ. ಕಾಕಾ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಅಣ್ಣಾ, ಹೊರಗೆ ಒಂದು ಎಕ್ಕ ಇಟ್ಟುಕೊಂಡವನು ಅಷ್ಟು ಎತ್ತರ ಹಾರ್ತಾನಾ? ಅವನ ಆಸ್ತಿ ಎಲ್ಲ ಆ ಏಳು ಎಲೆಯಲ್ಲೇ ಇತ್ತು. ಜೋರಾಗಿ ಕೂಗಿ ತನ್ನ ಬಡತನವನ್ನ ತಾನೇ ಹೇಳಿಬಿಟ್ಟ.”

ಇನ್ನು ಇಸ್ಪೀಟು ಬಿಟ್ಟು ಮನೆಯ ಮಾತಿಗೆ ಬರುತ್ತೇನೆ. ದೂರದಲ್ಲಿ ಇರುವವರ ಕಷ್ಟ ಊರಿನಲ್ಲಿ ಇರುವವರಿಗೆ ತಿಳಿಯದ ಒಂದು ಬಗೆ ಇದೆ. ಊರಿನಲ್ಲಿ ಯಾವ ವಿಷಯವೂ ಒಂದೇ ಸಲ ಬರುವುದಿಲ್ಲ. ಯಾರಿಗೋ ಹುಷಾರಿಲ್ಲ ಅಂತ ಮೊದಲು ಡೇರಿಯಲ್ಲಿ ಕಿವಿಗೆ ಬೀಳುತ್ತದೆ, ಆಮೇಲೆ ದೇವಸ್ಥಾನದ ಹತ್ತಿರ ಇನ್ನೊಂದಿಷ್ಟು, ವಾರ ಕಳೆದು ಆಸ್ಪತ್ರೆಯ ಮಾತು. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಮಗೆ ಹಾಗಲ್ಲ. ರಾತ್ರಿ ಒಂಬತ್ತೂವರೆಗೆ ಫೋನ್ ಬಡಿದುಕೊಂಡರೆ ನೇರ ಮೂರು ಸ್ಪೇಡ್. ಹುಡುಗಿ ಗೊತ್ತಾಗಿದೆ, ಹದಿನೈದಕ್ಕೆ ಮದುವೆ. ಅಜ್ಜಿಗೆ ಜೋರಾಗಿದೆ, ಹೊರಟು ಬನ್ನಿ. ಅದರ ಹಿಂದೆ ನಡೆದ ಹನ್ನೊಂದು ಮಾತುಗಳು ನಮ್ಮ ಕಿವಿಗೆ ಬಿದ್ದಿರುವುದಿಲ್ಲ. ಮುಚ್ಚಿಟ್ಟರು ಅಂತಲ್ಲ, ನಾವು ಅಲ್ಲಿರಲಿಲ್ಲ ಅಷ್ಟೆ.

2002ರ ಮಳೆಗಾಲದಲ್ಲಿ ನನ್ನ ತಮ್ಮ ಹಾಗೆ ಫೋನ್ ಮಾಡಿದ. ಅಪ್ಪಯ್ಯ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅಮ್ಮ, ತಮ್ಮನ ಸಂಸಾರ ಊರ ಮನೆಯಲ್ಲಿ. ಎರಡೂವರೆ ಎಕರೆ ಅಡಿಕೆ ತೋಟ. “ಅಣ್ಣಾ, ತೋಟ, ಮನೆ ಎಲ್ಲ ಕೊಡೋದು ಅಂತ ಮಾತಾಗಿದೆ. ಬರೋ ಸೋಮವಾರ ಅಡ್ವಾನ್ಸ್ ಕೊಡ್ತಾರೆ. ಬಂದು ಸೈನ್ ಹಾಕು. ಬೇಡ ಅಂದ್ರೆ ನೀನೇ ತಗೊ.” ಅಷ್ಟು ಹೇಳಿ ಸುಮ್ಮನಾದ. ನನ್ನ ಎದೆ ದಡಬಡ ಅಂದಿತು. ನಾನು ಹುಟ್ಟಿದ ಮನೆ.

ಹೇಳಬಹುದಾದ ಉತ್ತರಗಳು ಎಣಿಸಿದಷ್ಟೇ ಇದ್ದವು. ಆಯಿತಪ್ಪ ಎಂದು ಸೈನ್ ಹಾಕಬಹುದು. ಪ್ರಾವಿಡೆಂಟ್ ಫಂಡ್ ತೆಗೆದು, ಫ್ಲ್ಯಾಟಿನ ಸಾಲದ ಮೇಲೆ ಇನ್ನೊಂದು ಸಾಲ ಮಾಡಿ ನಾನೇ ಕೊಳ್ಳುತ್ತೇನೆ ಅನ್ನಬಹುದು. ಆ ಮಾತು ಒಮ್ಮೆ ಆಡಿದರೆ ಹಿಂದಕ್ಕೆ ಬರುವ ಹಾಗಿಲ್ಲ. ಪಾಲೇ ಆಗಿಲ್ಲ, ಹೇಗೆ ಮಾರುತ್ತೀಯೋ ನೋಡುತ್ತೇನೆ ಎಂದು ಹಳೆಯ ಕಾಲದ ಡಬಲ್ ಹೇಳಿ ವಕೀಲರ ಮನೆಗೆ ಹೋಗಬಹುದು. ಹಾಗೆ ಹೋದ ಅಣ್ಣತಮ್ಮಂದಿರ ಫೈಲುಗಳನ್ನು ಸಾಲದ ವಿಭಾಗದಲ್ಲಿ ಎಷ್ಟೋ ನೋಡಿದ್ದೆ. ಮಕ್ಕಳ ಕಾಲಕ್ಕೂ ಮುಗಿಯದ ದಾವೆಗಳು.

“ಊಟ ಮಾಡಿ ಹತ್ತು ಗಂಟೆಗೆ ನಾನೇ ಮಾಡ್ತೀನಿ ಮಾರಾಯ” ಅಂದು ಫೋನ್ ಇಟ್ಟೆ. ಕಾಕಾ ಕಲಿಸಿದ ಹತ್ತು ಸೆಕೆಂಡು ಅವತ್ತು ಅರ್ಧ ಗಂಟೆಯಾಯಿತು. ತಟ್ಟೆಗೆ ಅನ್ನ ಬಡಿಸುತ್ತಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. “ಅತ್ತೆಯವರನ್ನ ಯಾರಾದ್ರೂ ಕೇಳಿದ್ರಾ?” ಅಂದಳು. ಅವಳಿಗೆ ಬ್ರಿಜ್‌ನ ಅ ಆ ಇ ಈ ಬಾರದು.

ಹತ್ತು ಗಂಟೆಗೆ ಫೋನ್ ಮಾಡಿದಾಗ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನನ್ನ ಹತ್ರ ಇಷ್ಟಿದೆ, ಇದಕ್ಕಿಂತ ಹೆಚ್ಚು ಆಗೋದಿಲ್ಲ. ನಿಂಗೆ ಎಷ್ಟು ಬೇಕು, ಯಾತಕ್ಕೆ ಬೇಕು, ಅದನ್ನ ಮೊದಲು ಹೇಳು” ಅಂದೆ. ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಬಿಚ್ಚಿಕೊಂಡ. ಆ ವರ್ಷಗಳಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದ್ದು ನಿಮಗೆ ನೆನಪಿರಬಹುದು. ಧಾರಣೆ ಚೆನ್ನಾಗಿದ್ದಾಗ ಸೊಸೈಟಿಯಲ್ಲಿ ತೆಗೆದ ಸಾಲ ಬಡ್ಡಿ ಸೇರಿ ಬೆಳೆದಿತ್ತು. ಅದರ ಮೇಲೆ ಕೊಳೆರೋಗ. ನೋಟೀಸು ಬಂದು ತಿಂಗಳಾಗಿತ್ತು. ಬ್ಯಾಂಕಿನಲ್ಲಿರುವ ಅಣ್ಣನಿಗೆ ಸಾಲದ ವಿಷಯ ಹೇಳಲು ಅವನಿಗೆ ನಾಚಿಕೆ. ಅದಕ್ಕೇ ಎಲ್ಲ ಮಾರುತ್ತೇನೆ ಎಂದು ಹಾರಿದ್ದ. ಕೈ ಬರಿದಾಗಿದ್ದರಿಂದಲೇ ಅಷ್ಟು ಎತ್ತರದ ಕೂಗು.

“ಅಮ್ಮನ ಹತ್ರ ಕೊಡು” ಅಂದೆ. ಅಮ್ಮ ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವವಳು, ಅವತ್ತು ಮೆಲ್ಲಗೆ ಮಾತಾಡಿದಳು. “ತೋಟ ಹೋದ್ರೆ ಹೋಗ್ಲೋ, ಮರ ಯಾರ ಕೈಲಿದ್ರೂ ಮರವೇ. ಮನೆ ಬಾಗ್ಲು ಮುಚ್ಚಬೇಡಿ.” ಸೋಮವಾರಕ್ಕೆ ನಾನು ಊರಿಗೆ ಹೋದೆ. ರಸ್ತೆ ಬದಿಯ ಒಂದು ಎಕರೆ ಮಾತ್ರ ಕೊಟ್ಟೆವು. ಅದರಲ್ಲಿ ನನ್ನ ಪಾಲು ಎಂದು ಬರಬೇಕಿದ್ದದ್ದನ್ನೂ ಸೇರಿಸಿ ಸೊಸೈಟಿ ಸಾಲ ತೀರಿತು. ಮನೆ, ಬಾವಿ, ಒಂದೂವರೆ ಎಕರೆ ಉಳಿಯಿತು.

ಎಲ್ಲ ಸುಖವಾಗಿ ಮುಗಿಯಿತು ಅನ್ನಲಾರೆ. ಕೊಟ್ಟ ಎಕರೆಯಲ್ಲಿ ಅಪ್ಪಯ್ಯ ನಾನು ಹೈಸ್ಕೂಲಿನಲ್ಲಿದ್ದಾಗ ನೆಟ್ಟ ಮರಗಳಿದ್ದವು. ಕೊಂಡವರು ಮುಂದೆ ಅವನ್ನು ಕಡಿದು ಸೈಟು ಮಾಡಿದರು. ಬಸ್ಸಿಳಿದು ಮನೆಗೆ ನಡೆಯುವಾಗ ಆ ಜಾಗ ದಾಟಿಯೇ ಹೋಗಬೇಕು, ನಾನು ಇನ್ನೊಂದು ಕಡೆ ನೋಡುತ್ತ ದಾಟುತ್ತೇನೆ. ಪ್ರಿಎಂಪ್ಟ್ ಆದ ಮೇಲೆ ಅತ್ಯುತ್ತಮವಾದದ್ದು ಸಿಗುವುದು ಕಡಿಮೆ, ಇದ್ದುದರಲ್ಲಿ ನಡೆಯುವಂಥದು ಸಿಗುತ್ತದೆ ಎಂದು ಆಟ ಬಲ್ಲವರು ಹೇಳುತ್ತಾರೆ. ಅದು ನಿಜ. ಆದರೆ ಮೂವತ್ತು ವರ್ಷ ಎಲೆ ಹಿಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸುವುದು ಇನ್ನೊಂದು. ಯಾರಾದರೂ ನಮ್ಮ ಮಾತಿನ ಜಾಗವನ್ನೇ ಕಿತ್ತುಕೊಂಡಾಗ ಕೂಡಲೇ ಒಂದು ತೀರ್ಮಾನ ಎಸೆಯಬೇಕು ಅನ್ನಿಸುತ್ತದೆ, ಇಲ್ಲವೇ ಬಾಯಿ ಮುಚ್ಚಿ ಕೂರಬೇಕು ಅನ್ನಿಸುತ್ತದೆ. ಎರಡೂ ಅಲ್ಲದ ಮೂರನೆಯದೊಂದು ಇದೆ. ನನ್ನಲ್ಲಿ ಇರುವುದನ್ನು ಹೇಳಿ, ನಿಮ್ಮಲ್ಲಿ ಏನಿದೆ ಎಂದು ಕೇಳುವುದು. ಹಾಗೆ ಕೇಳಲು ಎದುರಿಗೆ ನಂಬುವಂಥ ಜೊತೆಗಾರ ಇರಬೇಕು, ಅವನ ಉತ್ತರಕ್ಕೆ ನಾವು ಕಟ್ಟುಬೀಳಲೂಬೇಕು. ಅವತ್ತು ತಮ್ಮ ಕೂಗಿದಾಗ ಅವನು ನನ್ನ ಬಲಗಡೆ ಕೂತಿದ್ದಾನೆ ಅಂದುಕೊಂಡಿದ್ದೆ. ಕೇಳಿದ ಮೇಲೆ ಗೊತ್ತಾಯಿತು, ಅವನು ಕೂತದ್ದು ನನ್ನ ಎದುರಿಗೆ.

ಅಮ್ಮ ಆ ಮನೆಯಲ್ಲೇ ಇನ್ನೂ ಹನ್ನೆರಡು ವರ್ಷ ಬಾಳಿದಳು. ನಾನು 2020ರಲ್ಲಿ ನಿವೃತ್ತನಾದೆ. ಡೊಂಬಿವಿಲಿಯಲ್ಲೇ ಇದ್ದೇವೆ, ಭಾನುವಾರ ಮಧ್ಯಾಹ್ನ ನಮ್ಮ ಸೊಸೈಟಿಯ ಕೋಣೆಯಲ್ಲಿ ಎರಡು ಮೇಜು ಹಾಕುತ್ತೇವೆ. ಬೆಳಿಗ್ಗೆ ಹತ್ತು ಗಂಟೆಗೆ ತಮ್ಮನ ಫೋನ್ ಬರುತ್ತದೆ. ಮಳೆ ಎಷ್ಟು ಬಂತು, ಔಷಧಿ ಹೊಡೆದು ಆಯ್ತಾ, ಧಾರಣೆ ಎಷ್ಟಿದೆ, ದನ ಕರು ಹಾಕಿತಾ ಎಂದು ಅರ್ಧ ಗಂಟೆ ಮಾತಾಡುತ್ತೇವೆ. ಮುಖ್ಯವಾದದ್ದು ಏನೂ ಇರುವುದಿಲ್ಲ. “ಅಷ್ಟು ಹೊತ್ತು ಏನು ಮಾತಾಡ್ತೀರಿ ಇಬ್ರೂ?” ಎಂದು ಹೆಂಡತಿ ಕೇಳುತ್ತಾಳೆ. ಒಂದು ಕ್ಲಬ್, ಒಂದು ಡೈಮಂಡ್ ಅನ್ನುತ್ತೇನೆ. ಅವಳು ನಕ್ಕು ಒಳಗೆ ಹೋಗುತ್ತಾಳೆ.